ಪರರ ವೇಷದಲ್ಲಿ ವಿಲ್ಟ್‌ಷರ್: ಒಂದು ಗ್ರಾಮೀಣ ಕೌಂಟಿ ತೆರೆಯ ಮೇಲೆ ಬಂದ ಬಗೆ

ಸ್ವಿಂಡನ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ವಿಲ್ಟ್‌ಷರ್ ಕೌಂಟಿಯ ಉತ್ತರ ತುದಿಯಲ್ಲಿರುವ ಸ್ವಿಂಡನ್ ಪಟ್ಟಣದಲ್ಲಿ ನಾನು ಒಂಬತ್ತು ವರ್ಷಗಳಿಂದ ವಾಸವಾಗಿದ್ದೇನೆ. ಊರಿನಿಂದ ಬಂದ ಬಂಧುಗಳನ್ನು ಸುತ್ತಲಿನ ಹಳ್ಳಿಗಳಿಗೆ ಕರೆದೊಯ್ದಾಗಲೆಲ್ಲ ಅವರ ಬಾಯಲ್ಲಿ ಒಂದೇ ಮಾತು ಕೇಳುತ್ತೇನೆ: "ಈ ಬೀದಿಯನ್ನು ಎಲ್ಲೋ ನೋಡಿದ್ದೇವಲ್ಲ?" ನೋಡಿರುತ್ತಾರೆ, ನಿಜ. ಆದರೆ ಬೇರೆ ಊರಿನ ಹೆಸರಿನಲ್ಲಿ ನೋಡಿರುತ್ತಾರೆ. ಈ ವಿಷಯವನ್ನು ಇಲ್ಲಿ ಚರ್ಚೆಗೆ ಇಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ಉದಾಹರಣೆಗೆ ಚಿಪ್ಪೆನ್‌ಹ್ಯಾಮ್ ಪಟ್ಟಣದ ದಕ್ಷಿಣಕ್ಕೆ ಮೂರು ಮೈಲಿ ದೂರದಲ್ಲಿರುವ ಲೇಕಾಕ್ ಹಳ್ಳಿಯನ್ನು ತೆಗೆದುಕೊಳ್ಳಿ. 1995ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಪ್ರೈಡ್ ಅಂಡ್ ಪ್ರೆಜುಡೀಸ್' ಧಾರಾವಾಹಿಯಲ್ಲಿ ಬೆನೆಟ್ ಸೋದರಿಯರು ರಿಬ್ಬನ್ನು ಕೊಳ್ಳಲು ನಡೆದು ಹೋಗುವ ಮೆರಿಟನ್ ಪೇಟೆ ಇದೇ. ಕಾದಂಬರಿಯಲ್ಲಿ ಆ ಪೇಟೆ ಇರುವುದು ಹರ್ಟ್‌ಫರ್ಡ್‌ಷರ್‌ನಲ್ಲಿ. 2007ರ 'ಕ್ರ್ಯಾನ್‌ಫರ್ಡ್' ಧಾರಾವಾಹಿಗೂ ಇದೇ ಹಳ್ಳಿ ಒದಗಿ ಬಂತು; ಮೂಲ ಕಥೆಯ ಊರಿಗೆ ಮಾದರಿಯಾದದ್ದು ಉತ್ತರದ ಚೆಷರ್ ಕೌಂಟಿಯ ನಟ್ಸ್‌ಫರ್ಡ್ ಪಟ್ಟಣ. ಇಲ್ಲಿಂದ ಕೆಲವೇ ಮೈಲಿ ದೂರದ ಕಾರ್ಶಮ್ ಪಟ್ಟಣದ ಹೈ ಸ್ಟ್ರೀಟ್, 2015ರಲ್ಲಿ ಆರಂಭವಾದ 'ಪೋಲ್ಡಾರ್ಕ್' ಧಾರಾವಾಹಿಯಲ್ಲಿ ಕಾರ್ನ್‌ವಾಲ್‌ನ ಟ್ರೂರೊ ಆಯಿತು. ಸ್ಪೀಲ್‌ಬರ್ಗ್ ಅವರ 'ವಾರ್ ಹಾರ್ಸ್' ಚಿತ್ರದಲ್ಲಿ ಕ್ಯಾಸಲ್ ಕೂಂಬ್ ಹಳ್ಳಿಯು ಡೆವನ್‌ನ ಹಳ್ಳಿಯಾಗಿ ನಿಂತಿತು. 1967ರ 'ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್' ಚಿತ್ರಕ್ಕಾಗಿ ಡಿವೈಜಿಸ್ ಪಟ್ಟಣದ ಸಂತೆಚೌಕ ಡಾರ್ಸೆಟ್‌ನ ಕ್ಯಾಸ್ಟರ್‌ಬ್ರಿಡ್ಜ್ ಆಯಿತು. 2005ರ 'ಪ್ರೈಡ್ ಅಂಡ್ ಪ್ರೆಜುಡೀಸ್' ಚಲನಚಿತ್ರದಲ್ಲಿ ಮಳೆಯ ನಡುವೆ ಎಲಿಜಬೆತ್ ಡಾರ್ಸಿಯನ್ನು ನಿರಾಕರಿಸುವ ದೃಶ್ಯ ಕಥೆಯ ಪ್ರಕಾರ ಕೆಂಟ್‌ನಲ್ಲಿ ನಡೆಯಬೇಕು. ಚಿತ್ರೀಕರಿಸಿದ್ದು ವಿಲ್ಟ್‌ಷರ್‌ನ ಸ್ಟೌರ್‌ಹೆಡ್ ಉದ್ಯಾನದ ಅಪೊಲೊ ಮಂಟಪದಲ್ಲಿ. ಇದೇ ಕೌಂಟಿಯ ವಿಲ್ಟನ್ ಹೌಸ್ ಎಂಬ ಬಂಗಲೆಯಂತೂ 'ದ ಕ್ರೌನ್' ಸರಣಿಯಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯೇ ಆಗಿಬಿಟ್ಟಿದೆ.

ಹರ್ಟ್‌ಫರ್ಡ್‌ಷರ್, ಚೆಷರ್, ಕಾರ್ನ್‌ವಾಲ್, ಡೆವನ್, ಡಾರ್ಸೆಟ್, ಕೆಂಟ್, ಲಂಡನ್ ಎಲ್ಲವೂ ಆಗಿರುವ ಈ ಕೌಂಟಿ, ತಾನು ತಾನಾಗಿ ತೆರೆಯ ಮೇಲೆ ನಿಂತದ್ದು ಬಹಳ ಕಡಿಮೆ. ಇದು ಕೇವಲ ಕುತೂಹಲದ ಸಂಗತಿ ಎಂದು ನನಗೆ ಅನಿಸುವುದಿಲ್ಲ. ಯಾವ ಕಾರಣಕ್ಕೆ ಒಂದು ನೆಲ ಎಲ್ಲರ ವೇಷಕ್ಕೂ ಒಗ್ಗುತ್ತದೆ, ಅದರಿಂದ ಅಲ್ಲಿನ ಜನರಿಗೆ ಏನು ಸಿಗುತ್ತದೆ, ಅವರು ಏನನ್ನು ತೆರುತ್ತಾರೆ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಮಂಡ್ಯದ ವಿದ್ಯಾರ್ಥಿ

ಸರ್, ಮಾಹಿತಿಗೆ ಧನ್ಯವಾದಗಳು. ನಾನು ಪತ್ರಿಕೋದ್ಯಮದ ವಿದ್ಯಾರ್ಥಿ. ಎರಡು ಪ್ರಶ್ನೆಗಳಿವೆ. ಈ ಕೌಂಟಿ ಎಷ್ಟು ದೊಡ್ಡದು? ಅಷ್ಟೊಂದು ಹಣ ಸುರಿಯುವ ಚಿತ್ರತಂಡಗಳು ಸ್ಟುಡಿಯೊದಲ್ಲಿಯೇ ಬೀದಿಯನ್ನು ಕಟ್ಟಿಕೊಳ್ಳದೆ ಹಳ್ಳಿಗೇ ಏಕೆ ಹೋಗುತ್ತವೆ? ಲೇಕಾಕ್ ಎಂಬ ಹೆಸರನ್ನು 'ಹ್ಯಾರಿ ಪಾಟರ್' ಚಿತ್ರಗಳ ಸಂದರ್ಭದಲ್ಲಿಯೂ ಕೇಳಿದ್ದೇನೆ; ಅದು ಇದೇ ಊರೇ?

ಸ್ವಿಂಡನ್ ಕನ್ನಡಿಗ

ಅದೇ ಊರು. 2001ರಲ್ಲಿ ಬಿಡುಗಡೆಯಾದ ಮೊದಲ ಚಿತ್ರದಲ್ಲಿ ಹಾಗ್ವಾರ್ಟ್ಸ್ ಶಾಲೆಯ ಕೆಲವು ಪಡಸಾಲೆಗಳು ಮತ್ತು ತರಗತಿಗಳು ಲೇಕಾಕ್ ಆ್ಯಬಿ ಎಂಬ ಹಳೆಯ ಮಠದ ಒಳಗಿನವು. ಹಳ್ಳಿಯ ಒಂದು ಮನೆ ಆರನೆಯ ಚಿತ್ರದಲ್ಲಿ ಪ್ರೊಫೆಸರ್ ಸ್ಲಗ್‌ಹಾರ್ನ್ ಅಡಗಿಕೊಂಡ ಮನೆಯಾಗಿ ಕಾಣಿಸುತ್ತದೆ. ಕೌಂಟಿಯ ವಿಸ್ತೀರ್ಣ ಸುಮಾರು 3,500 ಚದರ ಕಿಲೋಮೀಟರ್, ಅಂದರೆ ನಿಮ್ಮ ಮಂಡ್ಯ ಜಿಲ್ಲೆಗಿಂತ ಚಿಕ್ಕದು. ಸ್ವಿಂಡನ್ ಪಟ್ಟಣವನ್ನು ಹೊರತುಪಡಿಸಿದರೆ 2021ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು ಐದು ಲಕ್ಷ ಜನ. ಸ್ಟುಡಿಯೊ ಕುರಿತ ಪ್ರಶ್ನೆಯನ್ನು ಚಿತ್ರರಂಗದವರಿಗೇ ಬಿಡುತ್ತೇನೆ.

ಮೈಸೂರಿನ ಇತಿಹಾಸ ಉಪನ್ಯಾಸಕಿ

ಮೊದಲು ಈ ಹಳ್ಳಿಗಳು ಹೀಗೆಯೇ ಉಳಿದದ್ದು ಹೇಗೆ ಎಂಬುದನ್ನು ನೋಡೋಣ, ಏಕೆಂದರೆ ಕ್ಯಾಮರಾ ಬರುವುದಕ್ಕೆ ನೂರಾರು ವರ್ಷ ಮೊದಲೇ ಈ ಕಥೆ ಆರಂಭವಾಗಿದೆ. ಲೇಕಾಕ್ ಮತ್ತು ಕ್ಯಾಸಲ್ ಕೂಂಬ್ ಎರಡೂ ಉಣ್ಣೆಯ ದುಡ್ಡಿನಿಂದ ಎದ್ದ ಊರುಗಳು. ಕ್ಯಾಸಲ್ ಕೂಂಬ್‌ನ ಜಹಗೀರು ಹದಿನೈದನೆಯ ಶತಮಾನದಲ್ಲಿ ಸರ್ ಜಾನ್ ಫಾಸ್ಟಾಲ್ಫ್ ಅವರ ಕೈಯಲ್ಲಿದ್ದಾಗ, ಫ್ರಾನ್ಸಿನ ಯುದ್ಧಕ್ಕೆ ಹೊರಟ ಅವರ ಸೈನಿಕರಿಗೆ ಬೇಕಾದ ಬಟ್ಟೆಯನ್ನು ಇದೇ ಊರಿನ ನೇಕಾರರು ಒದಗಿಸುತ್ತಿದ್ದರು. ಬೈ ಬ್ರೂಕ್ ಎಂಬ ಹಳ್ಳದ ನೀರು ಬಟ್ಟೆ ತುಳಿಯುವ ಗಿರಣಿಗಳನ್ನು ತಿರುಗಿಸುತ್ತಿತ್ತು. ಮುಂದೆ ನೇಯ್ಗೆಯ ಕಸುಬು ದೊಡ್ಡ ಗಿರಣಿಗಳಿದ್ದ ಪಟ್ಟಣಗಳಿಗೆ ಹೋಯಿತು. ಕೈಯಲ್ಲಿ ದುಡ್ಡಿಲ್ಲದ ಊರು ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವುದಿಲ್ಲ. ಸೋರುವ ಮಾಡಿಗೆ ಒಂದೆರಡು ಕಲ್ಲುಹೆಂಚನ್ನು ಸಿಕ್ಕಿಸಿ ದಿನ ದೂಡುತ್ತದೆ. ಇಂದು ನಾವು ಸೌಂದರ್ಯ ಎಂದು ಕರೆಯುವುದರ ಬಹುಭಾಗ ಆ ಬಡತನದಲ್ಲಿ ಉಳಿದುಕೊಂಡದ್ದು. ಇದನ್ನು ಹೇಳದೆ ಆ ಬೀದಿಗಳನ್ನು ಬರಿದೇ ಹೊಗಳುವುದು ಅಲ್ಲಿ ಬದುಕಿದವರಿಗೆ ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

ಎರಡನೆಯ ಕಾರಣ ಒಡೆತನ. ಲೇಕಾಕ್ ಆ್ಯಬಿಯು ಸಾಲ್ಸ್‌ಬರಿಯ ಕೌಂಟೆಸ್ ಈಲಾ ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ ಸ್ಥಾಪಿಸಿದ ಸನ್ಯಾಸಿನಿಯರ ಮಠ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಅದನ್ನು ಕೊಂಡ ವಿಲಿಯಂ ಶಾರಿಂಗ್‌ಟನ್ ಮಠದ ಚರ್ಚನ್ನು ಕೆಡವಿಸಿದರು. ಆದರೆ ಕೆಳಗಿನ ಕಲ್ಲಿನ ಮೊಗಸಾಲೆಗಳನ್ನು ಹಾಗೆಯೇ ಬಿಟ್ಟು, ತಮ್ಮ ವಾಸದ ಕೋಣೆಗಳನ್ನು ಅವುಗಳ ಮೇಲೆ ಕಟ್ಟಿಸಿಕೊಂಡರು. ಆ ನಿರ್ಧಾರ ಬೇರೆಯಾಗಿದ್ದರೆ ಹಾಗ್ವಾರ್ಟ್ಸ್‌ಗೆ ಆ ಪಡಸಾಲೆಗಳು ಸಿಗುತ್ತಿರಲಿಲ್ಲ. ಬಳಿಕ ಆ್ಯಬಿ ಟಾಲ್ಬಟ್ ಮನೆತನಕ್ಕೆ ಬಂತು. ಹಳ್ಳಿಯ ಬಹುಪಾಲು ಮನೆಗಳು ಆ ಮನೆತನದವೇ ಆಗಿದ್ದುದರಿಂದ, ಬಾಡಿಗೆದಾರರು ತಮಗೆ ತೋಚಿದಂತೆ ಮುಂಭಾಗವನ್ನು ಬದಲಿಸುವಂತಿರಲಿಲ್ಲ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಅವರು ಆ್ಯಬಿಯನ್ನೂ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟ್‌ಗೆ ದಾನವಾಗಿ ಕೊಟ್ಟರು. 1895ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಸರ್ಕಾರದ ಇಲಾಖೆಯಲ್ಲ, ಸಾರ್ವಜನಿಕ ದತ್ತಿ. ಹೀಗೆ ಬೀದಿಗಳೆಲ್ಲ ಒಂದೇ ಒಡೆತನದಲ್ಲಿ ಉಳಿದವು. ಕ್ಯಾಸಲ್ ಕೂಂಬ್ ಎಸ್ಟೇಟ್ ಮಾತ್ರ 1947ರಲ್ಲಿ ಹರಾಜಾಗಿ ಮನೆಗಳು ಬೇರೆಬೇರೆಯವರ ಪಾಲಾದವು. ಅಲ್ಲಿನ ರೂಪವನ್ನು ಕಾಯುತ್ತಿರುವುದು ಮುಖ್ಯವಾಗಿ ಕಟ್ಟಡಗಳ ಸಂರಕ್ಷಣಾ ಕಾನೂನು ಮತ್ತು ಊರವರ ಹಟ.

ಇದರ ಜೊತೆಗೆ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಇದೇ ಆ್ಯಬಿಯಲ್ಲಿ ವಾಸವಾಗಿದ್ದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ತಮ್ಮ ಮನೆಯ ಒಂದು ಕಿಟಕಿಯ ಚಿತ್ರವನ್ನು ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಮೂಡಿಸಿದರು. ಇಂದಿಗೆ ಉಳಿದಿರುವ ಕ್ಯಾಮರಾ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನಾದರೂ ಪಡೆಯಬಹುದೆಂಬ ಆ ತತ್ತ್ವದ ಮೇಲೆ ಮುಂದಿನ ಛಾಯಾಗ್ರಹಣ ನಿಂತಿತು, ಅದರ ಬೆನ್ನಿಗೆ ಸಿನಿಮಾ ಬಂತು. ಧಾರಾವಾಹಿಗಳ ತಂಡಗಳು ಕ್ಯಾಮರಾ ಹೊತ್ತು ಹೋಗುವುದು ಆ ಕಿಟಕಿ ಇರುವ ಮನೆಗೇ.

ಬೆಂಗಳೂರು ಕಲಾ ವಿಭಾಗ

ಕನ್ನಡ ಚಿತ್ರಗಳ ಕಲಾ ವಿಭಾಗದಲ್ಲಿ ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸ್ಟುಡಿಯೊ ಕುರಿತ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಸೆಟ್‌ನಲ್ಲಿ ಬೀದಿಯನ್ನು ಕಟ್ಟಬಹುದು, ಆದರೆ ಸವೆತವನ್ನು ಕಟ್ಟುವುದು ಕಷ್ಟ. ನಾಲ್ಕುನೂರು ವರ್ಷ ಮೆಟ್ಟಿ ನಡುವೆ ತಗ್ಗಾದ ಹೊಸ್ತಿಲು, ಭಾರಕ್ಕೆ ಬಾಗಿದ ಮಾಡಿನ ಗೆರೆ, ಒಂದಕ್ಕೊಂದು ಸರಿಹೊಂದದ ಕಿಟಕಿಗಳ ಎತ್ತರ, ಇವನ್ನೆಲ್ಲ ಪ್ಲೈವುಡ್ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ತರುವ ಹೊತ್ತಿಗೆ ಹಣವೂ ಮುಗಿದಿರುತ್ತದೆ, ದಿನಗಳೂ ಮುಗಿದಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಸೆಟ್‌ನಲ್ಲಿ ಕ್ಯಾಮರಾವನ್ನು ಒಂದೇ ದಿಕ್ಕಿಗೆ ತಿರುಗಿಸಬಹುದು. ಲೇಕಾಕ್‌ನಂತಹ ಊರಿನಲ್ಲಿ ನಾಲ್ಕು ಬೀದಿಗಳು ಚೌಕಾಕಾರದಲ್ಲಿ ಕೂಡುವುದರಿಂದ, ಕುದುರೆಗಾಡಿಯೊಂದನ್ನು ಒಂದು ಮೂಲೆಯಿಂದ ಬಿಟ್ಟು ಇಡೀ ಸುತ್ತು ಹಿಂಬಾಲಿಸಿದರೂ ಆಧುನಿಕವಾದದ್ದು ಯಾವುದೂ ಚೌಕಟ್ಟಿನೊಳಗೆ ನುಗ್ಗುವುದಿಲ್ಲ. ಅಲ್ಲಿ ತಲೆಯ ಮೇಲೆ ವಿದ್ಯುತ್ ತಂತಿಗಳಿಲ್ಲ, ಮಾಡಿನ ಮೇಲೆ ಟಿವಿ ಆಂಟೆನಾಗಳಿಲ್ಲ. ನಮ್ಮಲ್ಲಿ ಎಪ್ಪತ್ತರ ದಶಕದ ಒಂದು ಬೀದಿಯನ್ನು ತೋರಿಸಬೇಕಾದರೂ ಕಂಬಗಳಿಗೆ ಸೊಪ್ಪು ಕಟ್ಟಿ, ಕೇಬಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಅಳಿಸಿ ಹೈರಾಣಾಗುತ್ತೇವೆ.

ಇನ್ನೊಂದು ಗುಣವನ್ನು ಗಮನಿಸಿ. ಲೇಕಾಕ್‌ನಲ್ಲಿ ಮರದ ಚೌಕಟ್ಟಿನ ಮಧ್ಯಯುಗದ ಮನೆಯ ಪಕ್ಕದಲ್ಲಿಯೇ ಹದಿನೆಂಟನೆಯ ಶತಮಾನದ ಇಟ್ಟಿಗೆಯ ಮನೆ ಇರುತ್ತದೆ. ಆದ್ದರಿಂದ ಹದಿನಾರನೆಯ ಶತಮಾನದ ಕಥೆಗೂ ಅದು ಸಲ್ಲುತ್ತದೆ, 2019ರ 'ಡೌನ್‌ಟನ್ ಆ್ಯಬಿ' ಚಲನಚಿತ್ರದ 1927ರ ರಾಜ ಮೆರವಣಿಗೆಗೂ ಸಲ್ಲುತ್ತದೆ. ಯಾವ ಮನೆಯನ್ನು ಚೌಕಟ್ಟಿನಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಬಂಡಿಯಿಂದಲೋ ಹುಲ್ಲಿನ ಮೆದೆಯಿಂದಲೋ ಮರೆಮಾಡಬೇಕು ಎಂಬುದಷ್ಟೇ ನಮ್ಮ ಕಸುಬು.

ದೊಡ್ಡ ಬಂಗಲೆಗಳ ವಿಷಯದಲ್ಲಿ ವಿಲ್ಟ್‌ಷರ್‌ಗೆ ಇನ್ನೊಂದು ಅನುಕೂಲವಿದೆ: ಅವು ಒಂದಕ್ಕೊಂದು ಹತ್ತಿರದಲ್ಲಿವೆ. ಕ್ಯೂಬ್ರಿಕ್ ತಮ್ಮ 'ಬ್ಯಾರಿ ಲಿಂಡನ್' (1975) ಚಿತ್ರದಲ್ಲಿ ಒಂದೇ ಬಂಗಲೆಯೆಂದು ತೋರಿಸಿದ್ದು ವಾಸ್ತವದಲ್ಲಿ ಹಲವು ಬಂಗಲೆಗಳ ತುಣುಕುಗಳು. ವಿಲ್ಟನ್ ಹೌಸ್ ಮತ್ತು ಕಾರ್ಶಮ್ ಕೋರ್ಟ್‌ನ ಒಳಾಂಗಣ, ಸ್ಟೌರ್‌ಹೆಡ್‌ನ ಕೆರೆ ಎಲ್ಲವೂ ಆ ಚಿತ್ರದಲ್ಲಿವೆ. ವಿಲ್ಟನ್‌ನ ಡಬಲ್ ಕ್ಯೂಬ್ ಕೋಣೆಯ ಉದ್ದ 60 ಅಡಿ, ಅಗಲ 30 ಅಡಿ, ಎತ್ತರವೂ 30 ಅಡಿ. ಗೋಡೆಯ ಮೇಲೆ ವ್ಯಾನ್ ಡೈಕ್ ಬಿಡಿಸಿದ ಭಾರಿ ಕುಟುಂಬ ಚಿತ್ರ. ಅಂತಹ ಅಳತೆಯ ಕೋಣೆಯಲ್ಲಿ ನಟರು ಚಿಕ್ಕದಾಗಿ ಕಾಣುತ್ತಾರೆ, ಮತ್ತು ಆ ಕಥೆಗೆ ಬೇಕಾದದ್ದೂ ಅದೇ.

ಇಂತಹ ಮನೆಗಳೊಳಗೆ ಕೆಲಸ ಮಾಡುವುದು ಸುಲಭವಲ್ಲ. ಟ್ರೈಪಾಡ್ ಕಾಲುಗಳ ಕೆಳಗೆ ಮೆತ್ತೆ ಇರಬೇಕು, ನೆಲಕ್ಕೆ ಹಲಗೆ ಹಾಸಬೇಕು, ಹಳೆಯ ಪರದೆ ಮತ್ತು ಚಿತ್ರಗಳ ಮೇಲೆ ಬೀಳುವ ಬೆಳಕಿಗೂ ಶಾಖಕ್ಕೂ ಮಿತಿ ಇರುತ್ತದೆ, ಕುರ್ಚಿಯೊಂದನ್ನು ಸರಿಸಬೇಕಾದರೂ ಮನೆಯ ಸಂರಕ್ಷಣಾ ಸಿಬ್ಬಂದಿಯೇ ಬರಬೇಕು. ನಮ್ಮ ಹಳೆಯ ಅರಮನೆಗಳಲ್ಲಿ ಚಿತ್ರೀಕರಿಸುವಾಗಲೂ ಇಂತಹ ಶಿಸ್ತು ಕಡ್ಡಾಯವಾಗಬೇಕೆಂದು ನಾನು ಎಲ್ಲ ಸಭೆಗಳಲ್ಲಿಯೂ ವಾದಿಸುತ್ತೇನೆ. ಚಿತ್ರೀಕರಣಕ್ಕೆ ಹೋದಲ್ಲಿ ಕೆತ್ತನೆಯ ಕಂಬಕ್ಕೆ ಮೊಳೆ ಹೊಡೆದದ್ದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ; ಆ ನೋವು ಇನ್ನೂ ಹೋಗಿಲ್ಲ.

ಎಕ್ಸಿಟರ್ ವಾಸಿ

ಡೆವನ್‌ನಲ್ಲಿ ಇರುವವಳಾಗಿ ಒಂದು ಆಕ್ಷೇಪವನ್ನು ದಾಖಲಿಸಬೇಕು. ವೇಷ ಎಲ್ಲ ಕಡೆ ಒಪ್ಪುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಡೆವನ್‌ನ ಹಳೆಯ ಹಳ್ಳಿಮನೆಗಳ ಗೋಡೆಗಳು ಬಹುಮಟ್ಟಿಗೆ ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಎಬ್ಬಿಸಿದವು. ಮೂಲೆಗಳು ದುಂಡಗೆ, ಮೇಲೆ ಸುಣ್ಣ, ಅದರ ಮೇಲೆ ಜೊಂಡಿನ ಅಥವಾ ಹುಲ್ಲಿನ ದಪ್ಪ ಮಾಡು. ಮಲೆನಾಡಿನ ಹಳೆಯ ಮಣ್ಣಿನ ಮನೆಗಳಲ್ಲಿ ಬೆಳೆದ ನನಗೆ ಇಲ್ಲಿಗೆ ಬಂದ ಮೊದಲ ವಾರವೇ ಅವು ಆಪ್ತವಾದವು. ಕ್ಯಾಸಲ್ ಕೂಂಬ್ ಹಾಗಲ್ಲ. ಅದು ಜೇನುಬಣ್ಣದ ಸುಣ್ಣಕಲ್ಲಿನ ಊರು, ಮಾಡೂ ಕಲ್ಲಿನದೇ. 'ವಾರ್ ಹಾರ್ಸ್' ಚಿತ್ರವನ್ನು ನೋಡುವಾಗ ಹೊಲಗಳು ಡೆವನ್‌ನವು, ಡಾರ್ಟ್‌ಮೂರ್‌ನ ಆಕಾಶವೂ ಡೆವನ್‌ನದೇ, ಆದರೆ ಸೈನ್ಯಕ್ಕೆ ಜನರನ್ನು ಸೇರಿಸಿಕೊಳ್ಳುವ ಪೇಟೆ ಬಂದ ಕೂಡಲೇ ಕಾಲ ಕೆಳಗಿನ ನೆಲವೇ ಬದಲಾಗುತ್ತದೆ. ಮನೆಯ ಗೋಡೆ ಆ ನೆಲದ ಒಳಗಿನ ಕಲ್ಲನ್ನೋ ಮಣ್ಣನ್ನೋ ಹೇಳುತ್ತದೆ. ಅದನ್ನು ಅದಲುಬದಲು ಮಾಡಿದರೆ ನೋಡುವವರಿಗೆ 'ಹಳೆಯ ಇಂಗ್ಲೆಂಡ್' ಎಂಬ ಒಂದೇ ಕಲಸಿದ ಚಿತ್ರ ಸಿಗುತ್ತದೆ, ಎಲ್ಲ ಕೌಂಟಿಗಳ ಗುರುತೂ ಅದರಲ್ಲಿ ಕರಗಿಹೋಗುತ್ತದೆ.

ಬೆಂಗಳೂರು ಕಲಾ ವಿಭಾಗ

ಮೇಡಂ, ನಿಮ್ಮ ಮಾತನ್ನು ಗೌರವದಿಂದ ಒಪ್ಪಿಕೊಳ್ಳುತ್ತೇನೆ. ಆದರೂ ನಮ್ಮ ನೆಲವೂ ಹೀಗೆ ಬೇರೆಯವರ ವೇಷ ಹಾಕಿದೆ ಎಂಬುದನ್ನು ನೆನಪಿಸಬೇಕು. ಡೇವಿಡ್ ಲೀನ್ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಬೇಕಾದ ಗುಹೆಗಳ ಬೆಟ್ಟವನ್ನು ಚಿತ್ರೀಕರಿಸಿದ್ದು ನಮ್ಮ ಸಾವನದುರ್ಗ ಮತ್ತು ರಾಮನಗರದ ಬಂಡೆಗಳ ಬಳಿ. ಕಾದಂಬರಿಯ ಆ ಗುಹೆಗಳಿಗೆ ಮಾದರಿ ಬಿಹಾರದ ಬರಾಬರ್ ಗುಹೆಗಳು. ಬಿಹಾರದವರೊಬ್ಬರು ಆ ಚಿತ್ರವನ್ನು ನೋಡಿ ನೀವು ಹೇಳಿದ್ದನ್ನೇ ಹೇಳಬಹುದು. ನಿರ್ದೇಶಕರು ಹುಡುಕುವುದು ನಿಜವಾದ ಜಾಗವನ್ನಲ್ಲ, ಕಥೆಯ ಭಾವಕ್ಕೆ ಸರಿಯಾದ ಜಾಗವನ್ನು. ಇದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ. ಆಯ್ಕೆ ನಡೆಯುವ ಕ್ರಮವನ್ನು ಹೇಳುತ್ತಿದ್ದೇನೆ.

ಬಾತ್ ವಾಸಿ

ಹಣದ ಲೆಕ್ಕವನ್ನು ಯಾರೂ ಎತ್ತಿಲ್ಲವಾದ್ದರಿಂದ ಸಂಕ್ಷಿಪ್ತವಾಗಿ ಬರೆಯುತ್ತೇನೆ. ನಾನು ಲೆಕ್ಕಪರಿಶೋಧಕ. ಬ್ರಿಟನ್ನಿನಲ್ಲಿ ಚಲನಚಿತ್ರಗಳಿಗೆ ವೆಚ್ಚದ ಒಂದು ಪಾಲನ್ನು ಮರಳಿಸುವ ಮಾದರಿಯ ತೆರಿಗೆ ರಿಯಾಯಿತಿ 2007ರಲ್ಲಿ ಬಂತು. 2013ರ ಏಪ್ರಿಲ್‌ನಿಂದ ದೊಡ್ಡ ಬಜೆಟ್‌ನ ಟಿವಿ ಧಾರಾವಾಹಿಗಳಿಗೂ ಅದನ್ನು ವಿಸ್ತರಿಸಿದರು. ಪ್ರಸಾರದ ಪ್ರತಿ ಗಂಟೆಗೆ ಕನಿಷ್ಠ 10 ಲಕ್ಷ ಪೌಂಡ್ ಖರ್ಚಾಗುವ ಕಥಾ ಧಾರಾವಾಹಿಗಳು, ಬ್ರಿಟಿಷ್ ಸಂಸ್ಕೃತಿಗೆ ಸೇರಿದವೆಂಬ ಪರೀಕ್ಷೆಯಲ್ಲಿ ಅಂಕ ಪಡೆದರೆ, ಮುಖ್ಯ ವೆಚ್ಚದ ಶೇಕಡ 80ರವರೆಗಿನ ಮೊತ್ತದ ಮೇಲೆ ಶೇಕಡ 25ರಷ್ಟನ್ನು ಮರಳಿ ಪಡೆಯಬಹುದಾಗಿತ್ತು. 2024ರಿಂದ ಇದರ ಜಾಗಕ್ಕೆ ಹೊಸ ಕ್ರಮ ಬಂದಿದೆ. ಈ ರಿಯಾಯಿತಿ ವಿಲ್ಟ್‌ಷರ್‌ಗೆ ಮಾತ್ರ ಸೀಮಿತವಲ್ಲ, ನಿಜ. ಆದರೆ ಐತಿಹಾಸಿಕ ಧಾರಾವಾಹಿಗಳ ಪ್ರಮಾಣ ಬೆಳೆದಾಗ, ತಂಡಗಳು ಹುಡುಕಿದ್ದು ನೆಲೆಯಿಂದ ದಿನದಿನವೂ ಹೋಗಿ ಬರಬಹುದಾದ ಹಳ್ಳಿಗಳನ್ನು. ಲಂಡನ್ನಿನಿಂದ ಬ್ರಿಸ್ಟಲ್ ಕಡೆಗೆ ಹೋಗುವ ಎಂ4 ಹೆದ್ದಾರಿ ಈ ಕೌಂಟಿಯ ಉತ್ತರ ಭಾಗವನ್ನು ಸೀಳಿಕೊಂಡು ಹೋಗುತ್ತದೆ. 2010ರಲ್ಲಿ ಬ್ರಿಸ್ಟಲ್‌ನಲ್ಲಿ ಆರಂಭವಾದ ಬಾಟಲ್ ಯಾರ್ಡ್ ಸ್ಟುಡಿಯೊದಲ್ಲಿ 'ಪೋಲ್ಡಾರ್ಕ್'ನ ಒಳಾಂಗಣಗಳನ್ನು ಕಟ್ಟಿದರು; ಅಲ್ಲಿಂದ ಕಾರ್ಶಮ್ ಒಂದು ಗಂಟೆಯ ದಾರಿಯೂ ಅಲ್ಲ. ಟ್ರೂರೊದವರೆಗೆ ಇಡೀ ತಂಡವನ್ನು ಸಾಗಿಸಿ, ಅಲ್ಲಿ ಊಟ ವಸತಿ ಒದಗಿಸಿ, ಬಳಿಕ ಅಲ್ಲಿನ ಆಧುನಿಕ ಅಂಗಡಿಗಳನ್ನೆಲ್ಲ ಮುಚ್ಚಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಕಡಲ ದೃಶ್ಯಗಳಿಗೆ ಮಾತ್ರ ಅವರು ಕಾರ್ನ್‌ವಾಲ್‌ಗೇ ಹೋದರು.

ತೀರ್ಥಹಳ್ಳಿಯ ಓದುಗ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮ ಕಡೆಯ ಅನುಭವವೊಂದು ಇದಕ್ಕೆ ನೇರವಾಗಿ ಸಂಬಂಧಿಸುತ್ತದೆ. ಶಂಕರ್ ನಾಗ್ ಅವರು ಎಂಬತ್ತರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ, ಅಲ್ಲಿನ ದೊಡ್ಡಮನೆಯೂ ಬೀದಿಯೂ ಮಾಲ್ಗುಡಿ ಎಂಬ ಕಾಲ್ಪನಿಕ ಊರಿನ ವೇಷ ಹಾಕಿದವು. ಇಂದಿಗೂ ದೂರದೂರದಿಂದ ಜನ ಆ ಮನೆಯ ಜಗಲಿಯನ್ನು ನೋಡಲು ಬರುತ್ತಾರೆ. ಧಾರಾವಾಹಿಯಲ್ಲಿ ಕಾಣುವ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾಡಿದ್ದಾರೆ. ಆಗುಂಬೆಯಲ್ಲಿಯೂ ಕಟ್ಟಡಗಳು ಉಳಿದಿದ್ದುದು, ಊರು ಘಟ್ಟದ ತುದಿಯಲ್ಲಿ ತನ್ನ ಪಾಡಿಗೆ ತಾನು ಇದ್ದುದರಿಂದ. ಉಪನ್ಯಾಸಕಿಯವರು ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ.

ನನ್ನ ಪ್ರಶ್ನೆ ಊರವರನ್ನು ಕುರಿತದ್ದು. ಯಕ್ಷಗಾನದ ಮೇಳ ಬಂದಾಗ ರಂಗಸ್ಥಳ ಎಷ್ಟು ಮುಖ್ಯವೋ ಹಿಂದೆ ವೇಷ ಕಟ್ಟಿಕೊಳ್ಳುವ ಚೌಕಿಯೂ ಅಷ್ಟೇ ಮುಖ್ಯ. ಗದ್ದೆಯನ್ನು ಬಿಟ್ಟುಕೊಟ್ಟವರು, ನೀರು ಕೊಟ್ಟವರು, ಊಟ ಹಾಕಿದವರು ಯಾರೆಂದು ಊರಿಗೆ ಗೊತ್ತಿರುತ್ತದೆ. ವಿಲ್ಟ್‌ಷರ್‌ನ ಹಳ್ಳಿಗಳಲ್ಲಿ ಚೌಕಿ ಎಲ್ಲಿರುತ್ತದೆ? ಅಲ್ಲಿ ವಾಸಿಸುವವರು ಒಪ್ಪಿಯೇ ಒಪ್ಪುತ್ತಾರೆಯೇ?

ಸ್ವಿಂಡನ್ ಕನ್ನಡಿಗ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಲೇಕಾಕ್‌ನಲ್ಲಿ ಒಂದು ಐತಿಹಾಸಿಕ ಕಥೆಯ ಚಿತ್ರೀಕರಣ ನಡೆಯುವಾಗ ನಾನು ಅಲ್ಲಿದ್ದೆ. ಅವರ ಚೌಕಿ ಹಳ್ಳಿಯ ಹೊರಗಿನ ಹುಲ್ಲುಗಾವಲಿನಲ್ಲಿತ್ತು: ವೇಷಭೂಷಣದ ಲಾರಿಗಳು, ಪ್ರಸಾಧನದ ಕ್ಯಾರವಾನ್‌ಗಳು, ಊಟದ ಬಸ್ಸು, ಕುದುರೆಗಳನ್ನು ತಂದ ವಾಹನಗಳು, ಜನರೇಟರ್. ಬೆಳಗಿನ ಐದೂವರೆಗೇ ಡಾಂಬರು ರಸ್ತೆಯ ಮೇಲೆ ಲಾರಿಗಟ್ಟಲೆ ಮಣ್ಣು ಹರಡಿ, ನೀರು ಚಿಮುಕಿಸಿ, ಗಾಡಿಯ ಚಕ್ರದ ಗುರುತುಗಳನ್ನು ಮೂಡಿಸಿದ್ದರು. ಬಾಗಿಲುಗಳ ಮೇಲಿನ ಸಂಖ್ಯಾಫಲಕಗಳನ್ನು ಬಿಚ್ಚಿಟ್ಟಿದ್ದರು. ಬೇಕರಿಯೊಂದರ ಮುಂದೆ ಮರದ ಹೊಸ ಮುಖವನ್ನು ನಿಲ್ಲಿಸಿ ಔಷಧದ ಅಂಗಡಿಯನ್ನಾಗಿ ಮಾಡಿದ್ದರು. ಊರವರು ತಮ್ಮ ಕಾರುಗಳನ್ನೆಲ್ಲ ಹಿಂದಿನ ರಾತ್ರಿಯೇ ದೂರದ ಜಾಗದಲ್ಲಿ ಬಿಟ್ಟು ಬಂದಿದ್ದರು. ಸ್ವಂತ ಮನೆಗೆ ಹೋಗುವ ಮುದುಕರೊಬ್ಬರು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು, ದೃಶ್ಯ ಮುಗಿಯುವವರೆಗೆ ಗೋಡೆಗೆ ಒರಗಿ ಹದಿನೈದು ನಿಮಿಷ ನಿಂತಿದ್ದರು. ಅವರನ್ನು ಮಾತನಾಡಿಸಿದಾಗ, ತಮ್ಮ ಹುಟ್ಟಿನಿಂದಲೂ ಇಲ್ಲಿಯೇ ಇರುವುದಾಗಿಯೂ, ತಂಡಗಳು ಮೊದಲೇ ಪತ್ರ ಬರೆದು ತಿಳಿಸಿದರೆ ಬೇಸರವಿಲ್ಲವೆಂದೂ, ತಿಳಿಸದೆ ಬಂದಾಗ ಸಿಟ್ಟು ಬರುತ್ತದೆಂದೂ ಹೇಳಿದರು.

ವ್ಯವಸ್ಥೆ ಹೀಗಿದೆ. ರಸ್ತೆ ಮುಚ್ಚಲು ಕೌಂಟಿಯ ಕೌನ್ಸಿಲ್‌ನ ಅನುಮತಿ ಬೇಕು. ಲೇಕಾಕ್‌ನ ಬಹುಪಾಲು ಮನೆಗಳು ನ್ಯಾಷನಲ್ ಟ್ರಸ್ಟ್‌ನವಾದ್ದರಿಂದ ಅದರ ಜೊತೆ ಕರಾರು ಆಗಬೇಕು. ಆ ಬಾಡಿಗೆಯ ಹಣ ಸಂರಕ್ಷಣೆಯ ಕೆಲಸಕ್ಕೆ ಹೋಗುತ್ತದೆ. ವಾಸವಿರುವವರಿಗೆ ಆಗುವ ತೊಂದರೆಗಾಗಿ ತಂಡಗಳು ಮನೆಗಳಿಗೆ ನೇರವಾಗಿಯೋ ಊರಿನ ನಿಧಿಗೋ ಹಣ ಕೊಡುವುದು ವಾಡಿಕೆ. ಲೊಕೇಶನ್ ಮ್ಯಾನೇಜರ್ ಎಂಬುವವರ ಕೆಲಸದಲ್ಲಿ ಜಾಗ ಹುಡುಕುವುದು ಅರ್ಧ. ಬಾಗಿಲು ಬಾಗಿಲಿಗೆ ಹೋಗಿ ಜನರನ್ನು ಒಪ್ಪಿಸುವುದು ಇನ್ನರ್ಧ.

ಆ ಎರಡನೆಯ ಅರ್ಧವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಸಲ್ ಕೂಂಬ್‌ನ 1966ರ ಬೇಸಿಗೆ ಸಾಕ್ಷಿ. ರೆಕ್ಸ್ ಹ್ಯಾರಿಸನ್ ನಟಿಸಿದ 'ಡಾಕ್ಟರ್ ಡೂಲಿಟಲ್' ಚಿತ್ರಕ್ಕಾಗಿ, ಸಮುದ್ರದಿಂದ ಬಹು ದೂರವಿರುವ ಆ ಊರನ್ನು ಬಂದರು ಮಾಡಲು ಹೊರಟ ತಂಡ, ಬೈ ಬ್ರೂಕ್ ಹಳ್ಳಕ್ಕೆ ಅಡ್ಡಲಾಗಿ ಅಣೆಕಟ್ಟು ಕಟ್ಟಿಸಿತು. ಮಾಡುಗಳ ಮೇಲಿನ ಆಂಟೆನಾಗಳನ್ನು ತೆಗೆಸಿತು. ಊರಿನ ಒಂದು ವರ್ಗ ಕೆರಳಿತು. ಆಗ ಸೈನ್ಯದ ತರುಣ ಅಧಿಕಾರಿಯಾಗಿದ್ದ, ಮುಂದೆ ಧ್ರುವಯಾತ್ರಿಕರಾಗಿ ಹೆಸರಾದ ರನಲ್ಫ್ ಫೈನ್ಸ್ ಸ್ಫೋಟಕಗಳಿಂದ ಆ ಅಣೆಕಟ್ಟನ್ನು ಒಡೆಯಲು ಯತ್ನಿಸಿ ಸಿಕ್ಕಿಬಿದ್ದು, ತಾವಿದ್ದ ಎಸ್‌ಎಎಸ್ ಎಂಬ ಸೈನ್ಯದ ವಿಶೇಷ ದಳದಿಂದ ಹೊರಬೀಳಬೇಕಾಯಿತು. ಅದರ ಜೊತೆಗೆ ಎಡೆಬಿಡದ ಮಳೆ. ಕೊನೆಗೆ ಚಿತ್ರೀಕರಣ ಬೇರೆಡೆಗೆ ಸಾಗಿತು. ಸ್ಫೋಟಕದ ದಾರಿಯನ್ನು ನಾನು ಸರಿ ಎನ್ನುವುದಿಲ್ಲ, ಆದರೆ ಹಳ್ಳವನ್ನು ಕಟ್ಟುವ ಮೊದಲು ಊರನ್ನು ಕೇಳಬೇಕಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎಕ್ಸಿಟರ್ ವಾಸಿ

ಚಿತ್ರೀಕರಣದ ದಿನಗಳಿಗಿಂತ ಅದರ ನಂತರದ ವರ್ಷಗಳು ಹೆಚ್ಚು ಭಾರವೆಂದು ನನಗೆ ಅನಿಸುತ್ತದೆ. ತಂಡ ಹತ್ತು ದಿನ ಇದ್ದು ಮಣ್ಣನ್ನು ಗುಡಿಸಿ ಹೋಗುತ್ತದೆ, ಅಭಿಮಾನಿಗಳು ವರ್ಷವಿಡೀ ಬರುತ್ತಾರೆ. ಕ್ಯಾಸಲ್ ಕೂಂಬ್‌ನಲ್ಲಿ ಡ್ರೋನ್ ಹಾರಿಸಬೇಡಿ ಎಂದು ಕೋರುವ ಫಲಕವನ್ನು ಓದಿದ್ದೇನೆ. ಊಟದ ಮೇಜಿನ ಮುಂದೆ ಕುಳಿತ ಕುಟುಂಬವೊಂದನ್ನು ಪ್ರವಾಸಿಯೊಬ್ಬರು ಕಿಟಕಿಯ ಗಾಜಿಗೆ ಫೋನ್ ಒತ್ತಿ ಚಿತ್ರ ತೆಗೆಯುವುದನ್ನು ಕಂಡಾಗ ನನಗೇ ತಲೆ ತಗ್ಗಿಸುವಂತಾಯಿತು. ಅವರು ನಮ್ಮ ಭಾಷೆಯವರೇ ಆಗಿದ್ದರು. ದಯವಿಟ್ಟು ಇಲ್ಲಿಗೆ ಬರುವ ಬಂಧುಗಳಿಗೆ ಒಂದು ಮಾತು ಹೇಳಿ: ಅದು ಸೆಟ್ ಅಲ್ಲ, ಆ ಬಾಗಿಲ ಹಿಂದೆ ಮಗುವೊಂದು ಮಲಗಿರಬಹುದು.

ಮೈಸೂರಿನ ಇತಿಹಾಸ ಉಪನ್ಯಾಸಕಿ

ಈ ಮಾತನ್ನು ನನ್ನ ವಿದ್ಯಾರ್ಥಿಗಳಿಗೂ ತಲುಪಿಸುತ್ತೇನೆ. ವಿಲ್ಟ್‌ಷರ್ ತಾನು ತಾನಾಗಿ ಕಾಣುವುದಿಲ್ಲ ಎಂಬ ಮೊದಲ ಮಾತಿಗೆ ಮಾತ್ರ ಒಂದು ತಿದ್ದುಪಡಿ. 2015ರ 'ವುಲ್ಫ್ ಹಾಲ್' ಧಾರಾವಾಹಿಯ ಹೆಸರಿನಲ್ಲಿರುವ ಆ ಮನೆ, ಎಂಟನೆಯ ಹೆನ್ರಿಯ ಮೂರನೆಯ ರಾಣಿ ಜೇನ್ ಸೀಮರ್ ಅವರ ತವರು, ನಿಜವಾಗಿಯೂ ಇದ್ದದ್ದು ಇದೇ ಕೌಂಟಿಯ ಬರ್ಬೇಜ್ ಬಳಿ. ಧಾರಾವಾಹಿಯ ಚಿತ್ರೀಕರಣಕ್ಕೆ ಲೇಕಾಕ್ ಆ್ಯಬಿಯನ್ನೂ ಗ್ರೇಟ್ ಚಾಲ್‌ಫೀಲ್ಡ್ ಮ್ಯಾನರ್ ಎಂಬ ಹದಿನೈದನೆಯ ಶತಮಾನದ ಮನೆಯನ್ನೂ ಬಳಸಿಕೊಂಡರು. ಅಂದರೆ ಒಮ್ಮೆಯಾದರೂ ವಿಲ್ಟ್‌ಷರ್‌ನ ಕಥೆ ವಿಲ್ಟ್‌ಷರ್‌ನ ಕಲ್ಲುಗಳ ನಡುವೆ ನಡೆಯಿತು. ಬೀಟಲ್ಸ್ ತಂಡದವರು 1965ರ 'ಹೆಲ್ಪ್!' ಚಿತ್ರಕ್ಕಾಗಿ ಸಾಲ್ಸ್‌ಬರಿ ಬಯಲಿನಲ್ಲಿ ಸೈನ್ಯದ ಟ್ಯಾಂಕುಗಳ ನಡುವೆ ಹಾಡಿದಾಗಲೂ ಆ ಬಯಲು ಬಯಲಾಗಿಯೇ ಇತ್ತು.

ಬಾತ್ ವಾಸಿ

ಏವ್‌ಬರಿಯನ್ನೂ ಸೇರಿಸಬಹುದು, ಆದರೆ ಅಲ್ಲಿಯೂ ಹೆಸರು ಉಳಿಯಲಿಲ್ಲ. ಇತಿಹಾಸಪೂರ್ವ ಕಾಲದ ಶಿಲಾವರ್ತುಲದ ಒಳಗೇ ಇರುವ ಆ ಹಳ್ಳಿಯಲ್ಲಿ 1977ರ ಮಕ್ಕಳ ಧಾರಾವಾಹಿ 'ಚಿಲ್ಡ್ರನ್ ಆಫ್ ದ ಸ್ಟೋನ್ಸ್' ಚಿತ್ರಿತವಾಯಿತು. ಕಥೆಯಲ್ಲಿ ಊರಿನ ಹೆಸರು ಮಿಲ್‌ಬರಿ.

ಮಂಡ್ಯದ ವಿದ್ಯಾರ್ಥಿ

ಇಷ್ಟೆಲ್ಲ ತಿಳಿಸಿದ ಹಿರಿಯರಿಗೆ ಕೃತಜ್ಞತೆಗಳು. ನನ್ನ ಪ್ರಬಂಧಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ: 1835ರಲ್ಲಿ ಚಿತ್ರ ತೆಗೆದ ಆ ಕಿಟಕಿ ಈಗಲೂ ಅಲ್ಲಿದೆಯೇ? ಜನರು ನೋಡಬಹುದೇ?

ಸ್ವಿಂಡನ್ ಕನ್ನಡಿಗ

ಇದೆ, ನೋಡಬಹುದು. ಆ್ಯಬಿಯ ದಕ್ಷಿಣ ಪಡಸಾಲೆಯಲ್ಲಿ, ಹೊರಕ್ಕೆ ಚಾಚಿಕೊಂಡ ಜಾಲರಿ ಕಿಟಕಿಗಳಲ್ಲಿ ನಡುವಿನದು. ಮೂಲ ನೆಗೆಟಿವ್ ಅಲ್ಲಿಲ್ಲ. ಅದು ಅಂಚೆ ಚೀಟಿಯಷ್ಟು ಚಿಕ್ಕದು, ಈಗ ವಿಜ್ಞಾನ ವಸ್ತುಸಂಗ್ರಹಾಲಯದವರ ಸಂಗ್ರಹದಲ್ಲಿದೆ. ಚಿತ್ರ ಹೊಸದಾಗಿದ್ದಾಗ ಕಿಟಕಿಯ ಗಾಜಿನ ಚೌಕಗಳನ್ನು, ಸುಮಾರು 200, ಭೂತಕನ್ನಡಿಯ ಸಹಾಯದಿಂದ ಎಣಿಸಬಹುದಾಗಿತ್ತು ಎಂದು ಟಾಲ್ಬಟ್ ಅವರೇ ಅದರ ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಹೋದ ವಸಂತದಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹ್ಯಾರಿ ಪಾಟರ್‌ನ ಪಡಸಾಲೆಯನ್ನು ನೋಡಿ ಮುಗಿಸಿ ಮೇಲೆ ಬಂದವಳು ಆ ಕಿಟಕಿಯ ಮುಂದೆ ನಿಂತು ಎಣಿಸಲು ತೊಡಗಿದಳು. ಎಂಬತ್ತು ದಾಟುವಷ್ಟರಲ್ಲಿ ಮುಚ್ಚುವ ಹೊತ್ತಾಯಿತು. ಮುಂದಿನ ತಿಂಗಳು ಮತ್ತೆ ಹೋಗುತ್ತೇವೆ. ನಿಮ್ಮ ಪ್ರಬಂಧಕ್ಕೆ ಬೇಕಾದರೆ ಕಿಟಕಿಯ ಚಿತ್ರವನ್ನು ಕಳುಹಿಸುತ್ತೇನೆ.